ಬೇಸ್ ಗಿಟಾರ್ ಸೌಂಡ್ ಒಡೆಯುತ್ತಿದೆಯೇ? ಪ್ಲಗ್‌ನ ದಪ್ಪ ಪಿನ್ ಕೀಳಬೇಡಿ, ಮೊದಲು ಇಷ್ಟು ನೋಡಿ

ಗಣೇಶೋತ್ಸವ, ಜಾತ್ರೆ, ರಾಜ್ಯೋತ್ಸವ ಬಂತೆಂದರೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ರಸಮಂಜರಿ ಕಾರ್ಯಕ್ರಮಗಳ ಕಾಲ ಶುರುವಾಗುತ್ತದೆ. ಕೀಬೋರ್ಡ್, ರಿದಂ ಪ್ಯಾಡ್, ಗಿಟಾರ್ ಜೊತೆಗೆ ಈಗ ಬೇಸ್ ಗಿಟಾರ್ ಕೂಡ ವೇದಿಕೆಗೆ ಬರುತ್ತಿದೆ. ಅದರ ಕಾಲಬುಡದಲ್ಲಿ ಎರಡು ಮೂರು ಎಫೆಕ್ಟ್ ಪೆಡಲ್‌ಗಳೂ ಇರುತ್ತವೆ. ಹಾಡು ಶುರುವಾಗುತ್ತದೆ, ಬೇಸ್‌ನ ದಪ್ಪ ತಂತಿ ಮೀಟಿದ ಕೂಡಲೇ ‘ಪರಪರ’ ಎಂದು ಸೌಂಡ್ ಒಡೆಯುತ್ತದೆ. ನುಡಿಸುವವರು ಮೈಕ್‌ಸೆಟ್‌ನವರ ಮುಖ ನೋಡುತ್ತಾರೆ, ಮೈಕ್‌ಸೆಟ್‌ನವರು ಇವರ ಪೆಡಲ್ ಕಡೆ ಕೈ ತೋರಿಸುತ್ತಾರೆ.

ಈ ತೊಂದರೆಗೆ ಪರಿಹಾರ ಎಂದು ಕಲಾವಿದರ ಮೊಬೈಲ್‌ಗಳಲ್ಲಿ ಮೂರು ಸಲಹೆಗಳು ಓಡಾಡುತ್ತವೆ. ಅವನ್ನು ಒಂದೊಂದಾಗಿ ಪರಿಶೀಲಿಸೋಣ. ಒಂದು ಸಲಹೆ ಅರ್ಧ ನಿಜ, ಇನ್ನೊಂದು ತಪ್ಪು ಕಲ್ಪನೆ. ಮೂರನೆಯದು ಜೀವ ತೆಗೆಯಬಹುದು.

ಹೇಳಿಕೆ 1: ಪೆಡಲ್‌ಗೆ 9 ವೋಲ್ಟ್ ಬದಲು ಹೆಚ್ಚು ವೋಲ್ಟ್‌ನ ಅಡಾಪ್ಟರ್ ಹಾಕಿದರೆ ಸೌಂಡ್ ಒಡೆಯುವುದಿಲ್ಲ.
ಹೇಳಿಕೆ 2: ಗಿಟಾರ್ ಪೆಡಲ್ ಅನ್ನು ಬೇಸ್‌ಗೆ ಹಾಕಿದರೆ ಆಂಪ್ ಸುಟ್ಟುಹೋಗುತ್ತದೆ.
ಹೇಳಿಕೆ 3: ಗುಂಯ್ ಶಬ್ದ ಬಂದರೆ ಆಂಪ್ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ, ಎಲ್ಲ ಸರಿಯಾಗುತ್ತದೆ.

ಸೌಂಡ್ ಒಡೆಯುವುದು ಎಂದರೇನು?

ಹುಲ್ಲು ತುಂಬಿದ ಎತ್ತಿನ ಗಾಡಿ ತಗ್ಗಾದ ಬಾಗಿಲಿನ ಕೆಳಗೆ ಹೋಗುತ್ತಿದೆ ಎಂದುಕೊಳ್ಳಿ. ಹೇರು ಬಾಗಿಲಿಗಿಂತ ಎತ್ತರವಿದ್ದರೆ ಮೇಲಿನ ಹುಲ್ಲು ಸವರಿಹೋಗಿ ಹೇರಿನ ತಲೆ ಚಪ್ಪಟೆಯಾಗುತ್ತದೆ. ಪೆಡಲ್ ಒಳಗೆ ನಡೆಯುವುದೂ ಇದೇ. ಬೇಸ್‌ನಿಂದ ಬರುವ ವಿದ್ಯುತ್ ಸಂಕೇತ ಅಲೆಯ ಹಾಗೆ ಏರಿಳಿಯುತ್ತದೆ. 9 ವೋಲ್ಟ್‌ನಲ್ಲಿ ನಡೆಯುವ ಸಾಮಾನ್ಯ ಪೆಡಲ್‌ನಲ್ಲಿ ಆ ಅಲೆಯ ಕೆಳತುದಿಯಿಂದ ಮೇಲ್ತುದಿವರೆಗಿನ ಎತ್ತರ 9 ವೋಲ್ಟ್ ದಾಟಲು ಸಾಧ್ಯವಿಲ್ಲ. ವಾಸ್ತವದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಗೇ ನಿಲ್ಲುತ್ತದೆ. ಅಲೆ ಅದಕ್ಕಿಂತ ಎತ್ತರವಾದರೆ ತುದಿ ಕತ್ತರಿಸಿಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ತುದಿ ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಕಂಪನಗಳು ಹೊಸದಾಗಿ ಸೇರಿಕೊಳ್ಳುತ್ತವೆ. ನಮ್ಮ ಕಿವಿಗೆ ‘ಒಡೆದ’ ಸೌಂಡ್ ಎಂದು ಕೇಳಿಸುವುದು ಇದೇ.

ಹೀಗೆ ಕಂಪನಗಳು ಸೇರಿಕೊಳ್ಳುವುದೆಲ್ಲ ಕೆಟ್ಟದ್ದಲ್ಲ. ಅರಕಲಗೂಡು ತಾಲ್ಲೂಕಿನಲ್ಲೇ ಕಾವೇರಿ ದಡದ ರುದ್ರಪಟ್ಟಣವಿದೆ. ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಈ ಊರನ್ನು ಸಂಗೀತ ಗ್ರಾಮವೆಂದೇ ಕರೆಯುತ್ತಾರೆ. ಅಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತಾ ಮಂದಿರವಿದೆ. ತಂಬೂರಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ದಾರ ಸಿಕ್ಕಿಸಿರುತ್ತಾರೆ. ಆ ದಾರ ಸರಿಯಾದ ಜಾಗಕ್ಕೆ ಬಂದಾಗ ಒಣಗಿದಂತಿದ್ದ ನಾದ ಝೇಂಕಾರವಾಗುತ್ತದೆ. ತಂತಿ ಕುದುರೆಯನ್ನು ಸವರುತ್ತಾ ಮೇಲಿನ ಕಂಪನಗಳನ್ನು ಎಬ್ಬಿಸುವುದೇ ಅದಕ್ಕೆ ಕಾರಣ. ಬೇಕೆಂದು ಸೇರಿಸಿಕೊಂಡರೆ ಅದು ನಾದ, ಬೇಡವಾದಾಗ ಬಂದರೆ ಗದ್ದಲ.

ಎಫೆಕ್ಟ್ ಪೆಡಲ್‌ಗಳ ಕಥೆ ಶುರುವಾದದ್ದೂ ಹೀಗೇ. ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣ ನಡೆಯುವಾಗ ಮಿಕ್ಸರ್‌ನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬೇಸ್ ಒಡೆದು ಕೇಳಿಸಿತು. ಅದನ್ನು ಹಾಗೇ ಉಳಿಸಿಕೊಂಡರು. 1961ರಲ್ಲಿ ಹಾಡು ಹೊರಬಂದ ಮೇಲೆ ಅದೇ ಸೌಂಡ್ ಎಲ್ಲರಿಗೂ ಬೇಕಾಯಿತು. 1962ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಸ್ಟ್ರೋ ಫಜ್‌ಟೋನ್ ಪೆಡಲ್ ಆ ಕೆಟ್ಟ ಚಾನೆಲ್‌ನ ಸೌಂಡನ್ನು ಬೇಕೆಂದಾಗ ತರಲು ಮಾಡಿದ್ದು. ಹಾಗಾಗಿ ನಮ್ಮ ಪ್ರಶ್ನೆ ‘ಸೌಂಡ್ ಏಕೆ ಒಡೆಯಿತು’ ಎಂಬುದಷ್ಟೇ ಅಲ್ಲ, ‘ನಾವು ಒಡೆಯದಿದ್ದರೂ ಎಲ್ಲಿ ಒಡೆಯುತ್ತಿದೆ’ ಎಂಬುದು.

ಬೇಸ್‌ಗೇ ಏಕೆ ಈ ಕಾಟ ಹೆಚ್ಚು?

ಮಾಮೂಲಿ ಗಿಟಾರ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ನಾಲ್ಕು ತಂತಿಯ ಬೇಸ್‌ನ ದಪ್ಪ ತಂತಿ ಅದರ ಅರ್ಧ, ಅಂದರೆ ಸುಮಾರು 41 ಬಾರಿ. ಕಂಪನ ಅರ್ಧವಾದಾಗ ಅಷ್ಟೇ ಜೋರಾದ ಶಬ್ದ ಹೊರಡಿಸಲು ಸ್ಪೀಕರ್‌ನ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಚಲಿಸಬೇಕು. ಸಣ್ಣ ಸ್ಪೀಕರ್‌ಗೆ ಅದು ಸಾಧ್ಯವಾಗುವುದಿಲ್ಲ. ಜೊತೆಗೆ ನಮ್ಮ ಕಿವಿ ಕೆಳಗಿನ ಸ್ವರಗಳಿಗೆ ಅಷ್ಟು ಚುರುಕಲ್ಲ. ‘ಬೇಸ್ ಕೇಳಿಸುತ್ತಿಲ್ಲ’ ಎಂದು ಪೆಡಲ್‌ನಲ್ಲೊಮ್ಮೆ, ಆಂಪ್‌ನಲ್ಲೊಮ್ಮೆ, ಮಿಕ್ಸರ್‌ನಲ್ಲೊಮ್ಮೆ ಬೇಸ್ ನಾಬ್ ತಿರುಗಿಸುತ್ತೇವೆ. ಮೂರೂ ಕಡೆ ಹೇರು ಹೆಚ್ಚಾಗುತ್ತದೆ, ಬಾಗಿಲು ಮಾತ್ರ ಇದ್ದಷ್ಟೇ ಎತ್ತರ.

ಒಂದು ಸಣ್ಣ ಲೆಕ್ಕ ನೋಡಿ. ಬೇಸ್‌ನಿಂದ ಬರುವ ಅಲೆಯ ಎತ್ತರ 1 ವೋಲ್ಟ್ ಎಂದಿಟ್ಟುಕೊಳ್ಳಿ. ಒಂದೊಂದು ಪೆಡಲ್ ಕೇವಲ 6 ಡೆಸಿಬೆಲ್ ಏರಿಸಿದರೂ ವೋಲ್ಟೇಜ್ ದುಪ್ಪಟ್ಟಾಗುತ್ತದೆ. ಮೊದಲ ಪೆಡಲ್‌ನಲ್ಲಿ 2, ಎರಡನೆಯದರಲ್ಲಿ 4, ಮೂರನೆಯದರಲ್ಲಿ 8 ವೋಲ್ಟ್. ನಾಲ್ಕನೆಯದರಲ್ಲಿ 16 ಆಗಬೇಕು, ಆದರೆ ಅದಕ್ಕೆ ಸಿಗುವುದೇ 9. ನಾಲ್ಕನೇ ಪೆಡಲ್ ಕೆಟ್ಟಿಲ್ಲ, ಆದರೂ ಸೌಂಡ್ ಒಡೆಯುವುದು ಅಲ್ಲೇ. ಹೊಸ ಪೆಡಲ್ ತಂದು ಕೊನೆಗೆ ಸಿಕ್ಕಿಸಿದವರು ‘ಇದೇ ಡಿಫೆಕ್ಟ್ ಪೀಸ್’ ಎಂದು ಅಂಗಡಿಗೆ ವಾಪಸ್ ಒಯ್ಯುವುದು ಇದರಿಂದಲೇ.

ಎಲ್ಲಿ ಒಡೆಯುತ್ತಿದೆ ಎಂದು ಹುಡುಕುವ ಕ್ರಮ

ಎಲ್ಲ ನಾಬ್‌ಗಳನ್ನೂ ಒಟ್ಟಿಗೆ ತಿರುಗಿಸಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೇಳಿ, ಮುಂದೆ ಹೋಗಿ.

1. ಕರೆಂಟ್ ಇಲ್ಲದೆ ಕೇಳಿ. ಬೇಸ್ ಅನ್ನು ಯಾವುದಕ್ಕೂ ಸಿಕ್ಕಿಸದೆ ನುಡಿಸಿ. ಆಗಲೂ ಗರಗರ ಎಂದರೆ ತಂತಿ ಫ್ರೆಟ್‌ಗೆ ತಗಲುತ್ತಿದೆ. ತಂತಿಯ ಎತ್ತರ ಸರಿಮಾಡಿಸಬೇಕು. ಪೆಡಲ್‌ಗೂ ಇದಕ್ಕೂ ಸಂಬಂಧವಿಲ್ಲ.

2. ಪೆಡಲ್ ಎಲ್ಲ ಬಿಟ್ಟು ನೇರ ಆಂಪ್‌ಗೆ. ಒಂದೇ ಕೇಬಲ್‌ನಲ್ಲಿ ಬೇಸ್‌ನಿಂದ ಆಂಪ್‌ಗೆ ಸಿಕ್ಕಿಸಿ. ಸೌಂಡ್ ಸ್ವಚ್ಛವಾಗಿದ್ದರೆ ದೋಷ ಪೆಡಲ್‌ಗಳ ಸಾಲಿನಲ್ಲಿದೆ. ಆಗಲೂ ಒಡೆದರೆ ಪೆಡಲ್‌ಗಳನ್ನು ಸುಮ್ಮನೆ ಬೈಯಬೇಡಿ, 3 ಮತ್ತು 4 ನೋಡಿ.

3. ಬೇಸ್ ಒಳಗಿನ ಬ್ಯಾಟರಿ. ಆ್ಯಕ್ಟಿವ್ ಬೇಸ್‌ಗಳಲ್ಲಿ 9 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಇಳಿಯುತ್ತಾ ಬಂದಂತೆ ಬಾಗಿಲೇ ತಗ್ಗಾಗುತ್ತದೆ. ಮೆಲ್ಲಗೆ ನುಡಿಸಿದರೆ ಸರಿ, ಜೋರಾಗಿ ನುಡಿಸಿದರೆ ಒಡೆಯುತ್ತದೆ ಎಂದರೆ ಮೊದಲ ಅನುಮಾನ ಇದರ ಮೇಲಿರಲಿ. ಮಲ್ಟಿಮೀಟರ್‌ನಲ್ಲಿ ಹೊಸ ಬ್ಯಾಟರಿ 9ಕ್ಕಿಂತ ಸ್ವಲ್ಪ ಮೇಲೆ ತೋರಿಸುತ್ತದೆ. 8ಕ್ಕಿಂತ ಕೆಳಗಿದ್ದರೆ ಬದಲಿಸಿ. ಇಂಥ ಬೇಸ್‌ಗಳಲ್ಲಿ ಕೇಬಲ್ ಸಿಕ್ಕಿಸಿದ ಕೂಡಲೇ ಬ್ಯಾಟರಿ ಆನ್ ಆಗುತ್ತದೆ. ಅಭ್ಯಾಸ ಮುಗಿದ ಮೇಲೆ ಕೇಬಲ್ ತೆಗೆಯದೆ ಗೋಡೆಗೊರಗಿಸಿಟ್ಟರೆ ಬ್ಯಾಟರಿ ಸುಮ್ಮನೆ ಸವೆಯುತ್ತಲೇ ಇರುತ್ತದೆ.

4. ಆಂಪ್‌ನ ಸರಿಯಾದ ತೂತು. ಹಲವು ಬೇಸ್ ಆಂಪ್‌ಗಳಲ್ಲಿ ಆ್ಯಕ್ಟಿವ್, ಪ್ಯಾಸಿವ್ ಎಂದು ಎರಡು ಇನ್‌ಪುಟ್ ಅಥವಾ ‘ಪ್ಯಾಡ್’ ಎಂಬ ಗುಂಡಿ ಇರುತ್ತದೆ. ಜೋರಾದ ಸಂಕೇತ ಕೊಡುವ ಆ್ಯಕ್ಟಿವ್ ಬೇಸ್‌ಗೆ ಅದನ್ನು ಬಳಸಿ. ಗೇನ್ ಪಕ್ಕದ ಕೆಂಪು ದೀಪ ಮಿನುಗುತ್ತಿದ್ದರೆ ಗೇನ್ ಇಳಿಸಿ, ಬೇಕಾದ ಜೋರನ್ನು ಮಾಸ್ಟರ್ ವಾಲ್ಯೂಮ್‌ನಲ್ಲಿ ತೆಗೆದುಕೊಳ್ಳಿ.

5. ಕೇಬಲ್ ಬದಲಿಸಿ. ಕೇಬಲ್ ಅಲ್ಲಾಡಿಸಿದಾಗ ಚಟಚಟ ಎಂದರೆ ಜ್ಯಾಕ್‌ನ ಬೆಸುಗೆ ಬಿಟ್ಟಿದೆ. ಹೊರಗಿನಿಂದ ಒಂದೇ ಥರ ಕಾಣುವ ಸ್ಪೀಕರ್ ಕೇಬಲ್ ಅನ್ನು ಬೇಸ್‌ಗೆ ಸಿಕ್ಕಿಸಬೇಡಿ. ಅದರಲ್ಲಿ ಹೊರಗಿನ ಗದ್ದಲ ತಡೆಯುವ ಹೆಣೆದ ತಂತಿಯ ಪದರ ಇರುವುದಿಲ್ಲ.

6. ಪೆಡಲ್‌ಗಳನ್ನು ಒಂದೊಂದಾಗಿ ಸೇರಿಸಿ. ಒಂದು ಪೆಡಲ್ ಹಾಕಿ, ಆನ್ ಮಾಡಿ, ಆಫ್ ಮಾಡಿ. ಎರಡೂ ಸಲ ಜೋರು ಒಂದೇ ಸಮ ಇರುವಂತೆ ಅದರ ಲೆವೆಲ್ ಹೊಂದಿಸಿ. ಆಮೇಲೆ ಮುಂದಿನದು. ಹೆಚ್ಚಿನ ಸಲ ಇದೊಂದರಲ್ಲೇ ತೊಂದರೆ ಮುಗಿಯುತ್ತದೆ. ಕಂಪ್ರೆಸರ್ ಮತ್ತು ಈಕ್ವಲೈಸರ್ ಮೇಲೆ ವಿಶೇಷ ಕಣ್ಣಿಡಿ. ಅವು ಸೌಂಡ್ ಒಡೆಯುವ ಪೆಡಲ್‌ಗಳಲ್ಲ ಎಂದು ನಾವು ಅವುಗಳ ಕಡೆ ನೋಡುವುದೇ ಇಲ್ಲ, ಆದರೆ ಸದ್ದಿಲ್ಲದೆ ಹೇರು ಏರಿಸುವುದು ಅವೇ.

7. ಮಿಕ್ಸರ್. ಆಂಪ್ ಬಳಿ ಸ್ವಚ್ಛ, ದೊಡ್ಡ ಬಾಕ್ಸ್‌ನಲ್ಲಿ ಮಾತ್ರ ಒಡೆಯುತ್ತಿದೆ ಎಂದರೆ ಪೆಡಲ್‌ಗಳಿಂದ ಬಂದ ಜೋರಾದ ಸಂಕೇತ ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಹೋಗುತ್ತಿರಬಹುದು. ಮೈಕ್‌ನ ಸಣ್ಣ ಸಂಕೇತಕ್ಕೆಂದು ಮಾಡಿದ ದಾರಿ ಅದು. ಡಿಐ ಬಾಕ್ಸ್ ಹಾಕಿಸಿ, ಆ ಚಾನೆಲ್‌ನ ಗೇನ್ ಇಳಿಸಲು ಸೌಂಡ್‌ನವರನ್ನು ಕೇಳಿ.

8. ಸ್ಪೀಕರ್. ಒಂದೇ ಒಂದು ಸ್ವರಕ್ಕೆ ಮಾತ್ರ ಗೊರಗೊರ ಎಂದರೆ ಬಾಕ್ಸ್‌ನ ಸಡಿಲ ಸ್ಕ್ರೂ, ಜಾಲರಿ ಅಥವಾ ಆಂಪ್ ಮೇಲಿಟ್ಟ ನೀರಿನ ಬಾಟಲಿ ಕೂಡ ಕಾರಣವಾಗಿರಬಹುದು. ಎಲ್ಲ ಸ್ವರಕ್ಕೂ, ಮೆಲ್ಲಗೆ ನುಡಿಸಿದರೂ ಕೆರೆದಂತೆ ಕೇಳಿಸಿದರೆ ಕೋನ್ ಹರಿದಿದೆಯೇ ನೋಡಿ.

ಹೇಳಿಕೆ 1: ಹೆಚ್ಚು ವೋಲ್ಟ್ ಹಾಕಿದರೆ ಸರಿಯಾಗುತ್ತದೆಯೇ?

ಅರ್ಧ ನಿಜ. ವೋಲ್ಟೇಜ್ ಹೆಚ್ಚಿಸುವುದೆಂದರೆ ಬಾಗಿಲು ಎತ್ತರಿಸಿದಂತೆ. ಕೆಲವು ಪೆಡಲ್‌ಗಳನ್ನು 9ರಿಂದ 18 ವೋಲ್ಟ್‌ವರೆಗೆ ನಡೆಯುವಂತೆ ಮಾಡಿರುತ್ತಾರೆ. ಅವುಗಳಲ್ಲಿ 18 ವೋಲ್ಟ್ ಕೊಟ್ಟರೆ ಸೌಂಡ್ ಬೇಗ ಒಡೆಯುವುದಿಲ್ಲ. ಆದರೆ ಪೆಡಲ್ ಮೇಲೆ 9 ವೋಲ್ಟ್ ಎಂದಷ್ಟೇ ಬರೆದಿದ್ದರೆ ಅದಕ್ಕಿಂತ ಹೆಚ್ಚು ಕೊಡುವುದು ಪೆಡಲ್ ಸುಡುವ ದಾರಿ.

ಇನ್ನೊಂದು ವಿಷಯ. ಹೆಚ್ಚಿನ ಪೆಡಲ್‌ಗಳಿಗೆ ಅಡಾಪ್ಟರ್ ಪಿನ್‌ನ ನಡುಭಾಗ ನೆಗೆಟಿವ್ ಇರಬೇಕು. ಮನೆಯ ವೈಫೈ ರೂಟರ್‌ನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುಭಾಗ ಪಾಸಿಟಿವ್. ತೂತಿಗೆ ಹೊಂದಿಕೊಂಡಿತು ಎಂದು ಸಿಕ್ಕಿಸಿದರೆ ವೋಲ್ಟೇಜೂ ತಪ್ಪು, ದಿಕ್ಕೂ ತಪ್ಪು. ಪೆಡಲ್ ಮೇಲಿನ ಮತ್ತು ಅಡಾಪ್ಟರ್ ಮೇಲಿನ ಚಿತ್ರ ಎರಡೂ ಒಂದೇ ಇದೆಯೇ ನೋಡಿ.

ವೋಲ್ಟ್‌ನಷ್ಟೇ ಮುಖ್ಯವಾದದ್ದು ಮಿಲಿಆಂಪ್. ಹಳೆಯ ಮಾದರಿಯ ಸರಳ ಪೆಡಲ್‌ಗೆ 10-20 ಮಿಲಿಆಂಪ್ ಸಾಕು. ಡಿಜಿಟಲ್ ಪೆಡಲ್‌ಗಳಿಗೆ 100ರಿಂದ 300 ಮಿಲಿಆಂಪ್, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಎಲ್ಲದರ ಮೊತ್ತ ಅಡಾಪ್ಟರ್‌ನ ಶಕ್ತಿಗಿಂತ ಹೆಚ್ಚಾದರೆ ವೋಲ್ಟೇಜ್ ಕುಸಿದು ಸೌಂಡ್ ಒಡೆಯುತ್ತದೆ. ಮಿಲಿಆಂಪ್ ಹೆಚ್ಚಿರುವ ಅಡಾಪ್ಟರ್‌ನಿಂದ ಅಪಾಯವಿಲ್ಲ, ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಒಂದೇ ಅಡಾಪ್ಟರ್‌ನಿಂದ ಸರಪಳಿಯಂತೆ ಎಲ್ಲಕ್ಕೂ ಕೊಟ್ಟಾಗ ಡಿಜಿಟಲ್ ಪೆಡಲ್‌ನಿಂದ ‘ಕುಂಯ್’ ಎಂಬ ಸಣ್ಣ ಶಬ್ದ ಬರಬಹುದು. ಆ ಒಂದಕ್ಕೆ ಬೇರೆ ಅಡಾಪ್ಟರ್ ಕೊಟ್ಟರೆ ಸಾಕು.

ಹೇಳಿಕೆ 2: ಗಿಟಾರ್ ಪೆಡಲ್‌ನಿಂದ ಆಂಪ್ ಸುಡುತ್ತದೆಯೇ?

ತಪ್ಪು. ಗಿಟಾರ್ ಪೆಡಲ್ ಅನ್ನು ಬೇಸ್‌ಗೆ ಹಾಕಿದ ಮಾತ್ರಕ್ಕೆ ಆಂಪ್ ಸುಡುವುದಿಲ್ಲ. ಆಗುವುದು ಬೇರೆ. ಹಲವು ಗಿಟಾರ್ ಓವರ್‌ಡ್ರೈವ್‌ಗಳು ಕೆಳಗಿನ ಸ್ವರಗಳನ್ನು ತಗ್ಗಿಸಿ, ನಡುವಿನ ಸ್ವರಗಳನ್ನು ಮುಂದೆ ತರುವಂತೆ ಮಾಡಿದವು. ಬೇಸ್‌ಗೆ ಹಾಕಿದಾಗ ದಪ್ಪ ಹೋಗಿ ಬರೀ ಕರಕರ ಉಳಿಯುತ್ತದೆ. ಸ್ವಚ್ಛ ಸೌಂಡ್ ಮತ್ತು ಒಡೆದ ಸೌಂಡ್ ಎರಡನ್ನೂ ಬೆರೆಸುವ ‘ಬ್ಲೆಂಡ್’ ನಾಬ್ ಬೇಸ್ ಪೆಡಲ್‌ಗಳಲ್ಲಿ ಇರುವುದು ಇದೇ ಕಾರಣಕ್ಕೆ. ಎಚ್ಚರ ಬೇಕಿರುವುದು ಒಂದು ಕಡೆ: ಒಡೆದ ಸೌಂಡನ್ನು ಬಹಳ ಜೋರಾಗಿ, ಬಹಳ ಹೊತ್ತು ಸಣ್ಣ ಸ್ಪೀಕರ್‌ಗೆ ಕಳಿಸಿದರೆ ಅದರ ಕಾಯಿಲ್ ಬಿಸಿಯಾಗಿ ಕೆಡಬಹುದು. ಅದು ಪೆಡಲ್‌ನ ತಪ್ಪಲ್ಲ, ಜೋರಿನ ತಪ್ಪು.

ಹೇಳಿಕೆ 3: ದಪ್ಪ ಪಿನ್ ತೆಗೆದರೆ ಗುಂಯ್ ಶಬ್ದ ಹೋಗುತ್ತದೆಯೇ?

ಕೆಲವು ಸಲ ಹೋಗುತ್ತದೆ. ಈ ಸಲಹೆ ಅಪಾಯಕಾರಿಯಾಗಿರುವುದೂ ಅದಕ್ಕೇ. ‘ನಾನೇ ಮಾಡಿ ನೋಡಿದೆ, ಕೆಲಸ ಮಾಡಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

ಗುಂಯ್ ಎಂಬುದು ಒಡೆದ ಸೌಂಡ್‌ಗಿಂತ ಬೇರೆ. ನಮ್ಮ ಮನೆಗೆ ಬರುವ ಕರೆಂಟ್ 230 ವೋಲ್ಟ್, ಸೆಕೆಂಡಿಗೆ 50 ಬಾರಿ ಅಲೆಯ ಹಾಗೆ ಏರಿಳಿಯುತ್ತದೆ. ಆ 50ರ ಕಂಪನ ಮತ್ತು ಅದರ ದುಪ್ಪಟ್ಟು 100 ಎರಡೂ ಬೇಸ್‌ನ ಸ್ವರಗಳ ಆಸುಪಾಸಿನಲ್ಲೇ ಇವೆ, ಹಾಗಾಗಿ ಬೇಸ್ ಆಂಪ್‌ನಲ್ಲಿ ಗುಂಯ್ ಚೆನ್ನಾಗಿಯೇ ಕೇಳಿಸುತ್ತದೆ. ಆಂಪ್ ಒಂದು ಕಡೆಯ ಬೋರ್ಡ್‌ನಿಂದ, ಮಿಕ್ಸರ್ ಇನ್ನೊಂದು ಕಡೆಯ ಬೋರ್ಡ್‌ನಿಂದ ಕರೆಂಟ್ ಪಡೆದು, ಎರಡರ ನಡುವೆ ಕೇಬಲ್ ಎಳೆದಾಗ ಅರ್ಥಿಂಗ್‌ಗೆ ಎರಡು ದಾರಿಗಳಾಗುತ್ತವೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟೇ ಗುಂಯ್. ಪಿನ್ ತೆಗೆದರೆ ಸುತ್ತು ಮುರಿಯುತ್ತದೆ, ಶಬ್ದ ನಿಲ್ಲುತ್ತದೆ.

ಆದರೆ ಆ ಪಿನ್ ಇರುವುದು ಶಬ್ದಕ್ಕಲ್ಲ. ನಮ್ಮ ಮೂರು ಪಿನ್ ಪ್ಲಗ್‌ನಲ್ಲಿ ಅರ್ಥ್ ಪಿನ್ ಮಾತ್ರ ದಪ್ಪ ಮತ್ತು ಉದ್ದ ಇರುವುದನ್ನು ಗಮನಿಸಿದ್ದೀರಾ? ಸಿಕ್ಕಿಸುವಾಗ ಅದು ಎಲ್ಲಕ್ಕಿಂತ ಮೊದಲು ತಗಲಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಆಂಪ್‌ನ ಲೋಹದ ಮೈ, ಕೇಬಲ್‌ನ ಹೊರಪದರ, ಬೇಸ್‌ನ ಬ್ರಿಡ್ಜ್, ನಿಮ್ಮ ಬೆರಳ ಕೆಳಗಿನ ತಂತಿ, ಇವೆಲ್ಲ ಒಂದಕ್ಕೊಂದು ಜೋಡಿಸಿಕೊಂಡಿವೆ. ಆಂಪ್ ಒಳಗೆ ಎಲ್ಲಾದರೂ ಕರೆಂಟ್ ವೈರ್ ಸಡಿಲಾಗಿ ಮೈಗೆ ತಗುಲಿದರೆ, ಅರ್ಥಿಂಗ್ ಇದ್ದಾಗ ಕರೆಂಟ್ ಭೂಮಿಗೆ ಹರಿದು ಫ್ಯೂಸ್ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟ್ ನೇರ ತಂತಿಯ ಮೇಲೆ ಬಂದು ಕಾಯುತ್ತಾ ಕೂರುತ್ತದೆ. ಒಣ ಚಪ್ಪಲಿ ಹಾಕಿಕೊಂಡು ಮರದ ವೇದಿಕೆ ಮೇಲೆ ನಿಂತಿದ್ದರೆ ಗೊತ್ತೂ ಆಗದಿರಬಹುದು. ಕೋರಸ್ ಹಾಡಲು ಮೈಕ್‌ಗೆ ಬಾಯಿ ತಗುಲಿಸಿದ ಕ್ಷಣ, ಆ ಮೈಕ್ ಮಿಕ್ಸರ್ ಮೂಲಕ ಭೂಮಿಗೆ ಸೇರಿರುವುದರಿಂದ, ಕರೆಂಟ್ ಕೈಯಿಂದ ಎದೆಯ ಮೂಲಕ ಹರಿಯುತ್ತದೆ.

ಇದು ಊಹೆಯಲ್ಲ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಪ್ರೇಕ್ಷಕರ ಎದುರೇ, ಅರ್ಥಿಂಗ್ ಸರಿಯಿಲ್ಲದ ವೇದಿಕೆಯಲ್ಲಿ ಮೈಕ್ ಮುಟ್ಟಿ ತೀರಿಕೊಂಡರು. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿದ್ದ ಗಾಯಕ ಕೀತ್ ರೆಲ್ಫ್ ಮನೆಯಲ್ಲೇ, ಅರ್ಥಿಂಗ್ ಸರಿಯಿಲ್ಲದ ಗಿಟಾರ್ ನುಡಿಸುವಾಗ ಸತ್ತರು. ನಮ್ಮಲ್ಲಿ ಗಣೇಶೋತ್ಸವ ಬರುವುದು ಮಳೆಗಾಲದಲ್ಲಿ. ಒದ್ದೆ ನೆಲ, ತಾತ್ಕಾಲಿಕ ವೈರಿಂಗ್, ಜನರೇಟರ್ ಮೂರೂ ಸೇರಿದ ವೇದಿಕೆಯಲ್ಲಿ ಆ ಪಿನ್ ಕೀಳುವುದೆಂದರೆ ಏನೆಂದು ಯೋಚಿಸಿ.

‘ಎಂಸಿಬಿ ಇದೆಯಲ್ಲ’ ಎನ್ನಬೇಡಿ. 6 ಅಥವಾ 16 ಆಂಪಿಯರ್‌ನ ಎಂಸಿಬಿ ವೈರ್ ಸುಡದಂತೆ ಕಾಯುತ್ತದೆ. ಮನುಷ್ಯನ ಮೈಯಲ್ಲಿ ಹರಿದರೆ ಪ್ರಾಣ ತೆಗೆಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಸಿಗುವುದಿಲ್ಲ. ಜನರನ್ನು ಕಾಯಲು ಇರುವುದು 30 ಮಿಲಿಆಂಪ್‌ನ ಆರ್‌ಸಿಸಿಬಿ. ವೇದಿಕೆಯ ಕರೆಂಟ್‌ಗೆ ಅದು ಇದೆಯೇ ಎಂದು ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಕೇಳಿ.

ಹಾಗಾದರೆ ಗುಂಯ್ ಶಬ್ದಕ್ಕೆ ಏನು ಮಾಡಬೇಕು?

ಆಂಪ್, ಪೆಡಲ್ ಅಡಾಪ್ಟರ್, ಮಿಕ್ಸರ್ ಎಲ್ಲಕ್ಕೂ ಸಾಧ್ಯವಾದಷ್ಟು ಒಂದೇ ಕಡೆಯಿಂದ, ಅರ್ಥಿಂಗ್ ಇರುವ ಬೋರ್ಡ್‌ನಿಂದ ಕರೆಂಟ್ ತೆಗೆದುಕೊಳ್ಳಿ. ಆಂಪ್ ಮತ್ತು ಮಿಕ್ಸರ್ ನಡುವೆ ಡಿಐ ಬಾಕ್ಸ್ ಹಾಕಿ ಅದರ ‘ಗ್ರೌಂಡ್ ಲಿಫ್ಟ್’ ಗುಂಡಿ ಒತ್ತಿ. ಅದು ಸೌಂಡ್ ಕೇಬಲ್‌ನ ಸುತ್ತನ್ನು ಮಾತ್ರ ಮುರಿಯುತ್ತದೆ, ಕರೆಂಟ್‌ನ ಅರ್ಥಿಂಗ್ ಹಾಗೇ ಉಳಿಯುತ್ತದೆ. ಶಬ್ದವೂ ಹೋಗುತ್ತದೆ, ಜೀವವೂ ಉಳಿಯುತ್ತದೆ.

ಮನೆಯಲ್ಲಿ ಒಂದು ಪರೀಕ್ಷೆ: ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗಾಬರಿ ಬೇಡ. ಪಿಕಪ್‌ಗಳು ಸುತ್ತಲಿನ ಗದ್ದಲ ಹಿಡಿಯುತ್ತಿವೆ, ಅಷ್ಟೇ. ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್‌ನಿಂದ ದೂರ ನಿಂತು ನೋಡಿ. ಆದರೆ ತಂತಿಯಿಂದಾಗಲಿ ಮೈಕ್‌ನಿಂದಾಗಲಿ ಸ್ವಲ್ಪ ‘ಜುಮ್’ ಎಂದರೂ ನುಡಿಸುವುದನ್ನು ನಿಲ್ಲಿಸಿ, ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ, ಮೊದಲು ಕರೆಂಟ್ ತೆಗೆಯಿರಿ, 108ಕ್ಕೆ ಕರೆ ಮಾಡಿ.

ವಿಡಿಯೋ ನೋಡಿ ತೀರ್ಪು ಕೊಡುವ ಮುನ್ನ

ಕಾರ್ಯಕ್ರಮದ ವಿಡಿಯೋ ಗುಂಪಿಗೆ ಬಂದ ಕೂಡಲೇ ‘ಬೇಸ್ ಒಡೆದಿದೆ’ ಎಂದು ಟೀಕೆ ಶುರುವಾಗುತ್ತದೆ. ದೊಡ್ಡ ಬಾಕ್ಸ್ ಪಕ್ಕ ನಿಂತು ರೆಕಾರ್ಡ್ ಮಾಡಿದಾಗ ಮೊಬೈಲ್‌ನ ಮೈಕೇ ತಡೆಯಲಾರದೆ ಒಡೆಯುತ್ತದೆ. ಆ ಜಾಗದಲ್ಲಿ ಹಾಡುವವರ ದನಿ, ಡ್ರಮ್ ಎಲ್ಲವೂ ಒಟ್ಟಿಗೆ ಒಡೆದಿದ್ದರೆ ದೋಷ ಬಹುತೇಕ ಮೊಬೈಲ್‌ನದು. ಇನ್ನು, ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ 41ರ ಕಂಪನ ಹೊರಡಿಸುವ ಶಕ್ತಿಯೇ ಇಲ್ಲ. ನಾವು ಅದರಲ್ಲಿ ಕೇಳುವುದು ಬೇಸ್‌ನ ಮೇಲಿನ ಕಂಪನಗಳನ್ನು ಮಾತ್ರ. ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿದ ಮೇಲೆ ಬೇಸ್‌ನವರನ್ನು ದೂರಿ.

ಕೊನೆಯ ಮಾತು

ಹೇಳಿಕೆ 1 ಅರ್ಧ ಸತ್ಯ: ಪೆಡಲ್ ಮೇಲೆ ಬರೆದಿದ್ದರೆ ಮಾತ್ರ ಹೆಚ್ಚು ವೋಲ್ಟ್. ಹೇಳಿಕೆ 2 ತಪ್ಪು. ಹೇಳಿಕೆ 3 ಅಪಾಯಕಾರಿ: ಅರ್ಥ್ ಪಿನ್ ಕೀಳಬೇಡಿ, ಕಿತ್ತಿರುವ ಪ್ಲಗ್ ಕಂಡರೆ ಬದಲಿಸಿ. ಹೊಸ ಪ್ಲಗ್‌ನ ಬೆಲೆ ಒಂದು ಸೆಟ್ ತಂತಿಗಿಂತ ಬಹಳ ಕಡಿಮೆ.

‘ಪಿನ್ ತೆಗೆಯಿರಿ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಫೋನ್ ಮಾಡಿ, ಅವರ ಆಂಪ್‌ನ ಪ್ಲಗ್‌ನಲ್ಲಿ ಮೂರೂ ಪಿನ್ ಇವೆಯೇ ಎಂದು ಕೇಳಿ.